ಬಡಾವಣೆಯಲ್ಲಿ ಹೃದಯ ಕಾಪಾಡೋ ಗುಂಪು ಕಟ್ಟಬೇಕು ಅಂತಿದ್ದೇವೆ: ಎಲ್ಲಿಂದ ಶುರು ಮಾಡೋದು?

ಹಾಸನದ ಮೇಷ್ಟ್ರು

ಎಲ್ಲರಿಗೂ ನಮಸ್ಕಾರ. ಹೈಸ್ಕೂಲ್ ಮೇಷ್ಟ್ರಾಗಿ ನಿವೃತ್ತನಾಗಿ ಹಾಸನದ ಹೊರಗಿನ ಒಂದು ಬಡಾವಣೆಯಲ್ಲಿದ್ದೇನೆ. 2025ರ ಮೇ, ಜೂನ್ ತಿಂಗಳಲ್ಲಿ ನಮ್ಮ ಜಿಲ್ಲೆಯಲ್ಲಿ ಸುಮಾರು 40 ದಿನದೊಳಗೆ ಇಪ್ಪತ್ತಕ್ಕಿಂತ ಹೆಚ್ಚು ಜನ ಹೃದಯಾಘಾತದಿಂದ ತೀರಿಕೊಂಡರು ಎಂದು ಸುದ್ದಿಯಾದಾಗ ಇಲ್ಲಿ ಯಾರಿಗೂ ನೆಮ್ಮದಿ ಇರಲಿಲ್ಲ. ಎದೆ ಸ್ವಲ್ಪ ಚುಳ್ ಅಂದರೂ ಜನ ಮೈಸೂರಿನ ಜಯದೇವಕ್ಕೆ ಓಡಿದರು. ಆಮೇಲೆ ತಜ್ಞರ ಸಮಿತಿ ವರದಿ ಕೊಟ್ಟಿತು. ಹಿಂದಿನದಕ್ಕೆ ಹೋಲಿಸಿದರೆ ಸಾವಿನ ಸಂಖ್ಯೆಯಲ್ಲಿ ಅಸಹಜ ಏರಿಕೆ ಇಲ್ಲ, ತೀರಿಕೊಂಡವರಲ್ಲಿ ಬಹಳ ಮಂದಿಗೆ ಸಕ್ಕರೆ ಕಾಯಿಲೆ, ಬಿ.ಪಿ., ಬೀಡಿ-ಸಿಗರೇಟು, ಕುಡಿತದಂಥ ಗೊತ್ತಿರುವ ಕಾರಣಗಳೇ ಇದ್ದವು ಅಂತ. ಜನರ ಭಯ ಇಳಿಯಿತು. ಭಯದ ಜೊತೆಗೆ ಎಚ್ಚರವೂ ಇಳಿದುಹೋಯಿತು ಅನ್ನೋದೇ ನನ್ನ ಸಂಕಟ.

ನಮ್ಮಲ್ಲಿ ಒಂದು ಪಾರ್ಕ್ ಇದೆ, ಸಮುದಾಯ ಭವನ ಇದೆ, ಗಣಪತಿ ಸಮಿತಿ ಹುಡುಗರಿದ್ದಾರೆ, ಸ್ತ್ರೀಶಕ್ತಿ ಸಂಘ ಇದೆ. ಇಷ್ಟನ್ನು ಇಟ್ಟುಕೊಂಡು ಏನಾದರೂ ಮಾಡಬೇಕು. ಬೆಳಿಗ್ಗೆ ಆರಕ್ಕೆ ನಾಲ್ಕು ಜನ ಪಿಂಚಣಿದಾರರು ವಾಕಿಂಗ್ ಹೋಗಿ ಟೀ ಕುಡಿದು ಬರೋದು ಈಗಲೂ ನಡೀತಿದೆ, ಅದು ನನಗೆ ಸಾಲದು. ನಲವತ್ತರ ಗಂಡಸರು, ಮನೆಯ ಹೆಣ್ಣುಮಕ್ಕಳು, ದುಡಿಯೋರು ಎಲ್ಲರೂ ಬರುವಂಥದ್ದು ಬೇಕು. ಬೇರೆ ಕಡೆ ನಿಜವಾಗಿ ಕೆಲಸ ಮಾಡಿದ ದಾರಿ ಯಾವುದು? ತಿಳಿದವರು ಹೇಳಿ.

ಸಮುದಾಯ ಆರೋಗ್ಯ ಅಧಿಕಾರಿ, ಅರಕಲಗೂಡು ಕಡೆ

ಮೇಷ್ಟ್ರೇ, ವಾಕಿಂಗ್‌ನಿಂದ ಶುರು ಮಾಡಬೇಡಿ. ಬಿ.ಪಿ. ನೋಡೋದರಿಂದ ಶುರು ಮಾಡಿ.

ಕಾರಣ ಹೇಳ್ತೀನಿ. ನಮ್ಮ ಆರೋಗ್ಯ ಮಂದಿರಕ್ಕೆ ಬರೋರಲ್ಲಿ ಹೆಚ್ಚಿನವರು ಹೆಣ್ಣುಮಕ್ಕಳು ಮತ್ತು ವಯಸ್ಸಾದವರು. ಗೃಹ ಆರೋಗ್ಯ ಯೋಜನೆಯಲ್ಲಿ 30 ದಾಟಿದ ಎಲ್ಲರಿಗೂ ಮನೆ ಬಾಗಿಲಲ್ಲೇ ತಪಾಸಣೆ ಅಂತ ನಮ್ಮ ಆಶಾ ಅಕ್ಕಂದಿರು ಹಗಲು ಹೊತ್ತು ಮನೆ ಮನೆಗೆ ಹೋಗ್ತಾರೆ. ಆಗ ಗಂಡಸರು ತೋಟದಲ್ಲೋ, ಅಂಗಡಿಯಲ್ಲೋ, ಬಸ್ಸಿನಲ್ಲೋ ಇರ್ತಾರೆ. ಅವರ ಕಾಲಂ ಖಾಲಿ ಉಳಿಯುತ್ತೆ. 40-45ರ ಗಂಡಸಿಗೆ ತನ್ನ ಬಿ.ಪಿ. 170 ಇದೆ ಅನ್ನೋದೇ ಗೊತ್ತಿರಲ್ಲ, ಯಾಕಂದ್ರೆ ಅದು ನೋಯಲ್ಲ. ನೀವು ಭಾನುವಾರ ಸಮುದಾಯ ಭವನದಲ್ಲಿ ಕೂತರೆ ಆ ಕಾಲಂ ತುಂಬುತ್ತೆ. ನಮ್ಮ ಕೈಯಲ್ಲಿ ಆಗದೇ ಇರೋ ಕೆಲಸ ಅದು.

ನೋಡುವ ಕ್ರಮ ಸರಿ ಇರಬೇಕು. ಬಂದ ತಕ್ಷಣ ಕೈಗೆ ಪಟ್ಟಿ ಸುತ್ತಬೇಡಿ. ಐದು ನಿಮಿಷ ಬೆನ್ನಿಗೆ ಆಸರೆ ಕೊಟ್ಟು ಕೂರಿಸಿ, ಪಾದ ನೆಲಕ್ಕೆ ತಾಗಿರಲಿ, ಕಾಲ ಮೇಲೆ ಕಾಲು ಬೇಡ, ಕೈ ಎದೆಯ ಮಟ್ಟಕ್ಕೆ ಮೇಜಿನ ಮೇಲೆ ಇರಲಿ. ಅರ್ಧ ಗಂಟೆ ಮುಂಚೆ ಕಾಫಿ, ಬೀಡಿ ಆಗಿರಬಾರದು. ಮೂತ್ರ ಬಂದಿದ್ದರೆ ಹೋಗಿ ಬರಲಿ. ನೋಡುವಾಗ ಮಾತು ಬೇಡ, ಇದೇ ಕಷ್ಟ, ನಮ್ಮ ಜನ ಆಗಲೇ ಎಲ್ಲಾ ಕಥೆ ಹೇಳ್ತಾರೆ. ಎರಡು ಸಲ ನೋಡಿ ಬರೆದುಕೊಳ್ಳಿ. 140/90 ದಾಟಿದವರನ್ನು ಇನ್ನೊಂದು ದಿನ ಮತ್ತೆ ನೋಡಿ, ಆಗಲೂ ಹಾಗೇ ಇದ್ದರೆ ನಮ್ಮ ಹತ್ತಿರ ಕಳಿಸಿ. ಮಾತ್ರೆ ಉಚಿತ.

ಸಕಲೇಶಪುರ ಹುಡುಗ

ಎಲ್ಲಾ ಸರಿ, ಆದರೆ ಕೋವಿಡ್ ಲಸಿಕೆ ಬಗ್ಗೆ ಯಾರೂ ಮಾತಾಡ್ತಿಲ್ಲ. ನನ್ನ ಕ್ಲಾಸ್‌ಮೇಟ್ 29ಕ್ಕೆ ಹೋದ. ದಿನಾ ಜಿಮ್ ಮಾಡ್ತಿದ್ದ. ಪುನೀತ್ ಸರ್ ಕೂಡ ಅಷ್ಟು ಫಿಟ್ ಇದ್ರು. ವ್ಯಾಯಾಮ ಮಾಡಿದ್ರೆ ಹೃದಯ ಉಳಿಯುತ್ತೆ ಅಂತ ಹೇಗೆ ನಂಬೋದು?

ಮೈಸೂರು ವೈದ್ಯೆ

ತಮ್ಮಾ, ಗೆಳೆಯನನ್ನು ಕಳಕೊಂಡ ನೋವು ಅರ್ಥ ಆಗುತ್ತೆ. ನಿನ್ನ ಪ್ರಶ್ನೆ ತಪ್ಪಲ್ಲ, ಅದಕ್ಕೆ ಉತ್ತರವೂ ಇದೆ.

ಐಸಿಎಂಆರ್, ಅಂದರೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಇದನ್ನೇ ಹುಡುಕಿಕೊಂಡು ಅಧ್ಯಯನ ಮಾಡಿತು. 18ರಿಂದ 45 ವಯಸ್ಸಿನ, ಆರೋಗ್ಯವಾಗಿ ಕಾಣುತ್ತಿದ್ದು ಹಠಾತ್ತಾಗಿ ತೀರಿಕೊಂಡವರ ವಿವರಗಳನ್ನು 19 ರಾಜ್ಯ, ಕೇಂದ್ರಾಡಳಿತ ಪ್ರದೇಶಗಳ 47 ಆಸ್ಪತ್ರೆಗಳಿಂದ ತೆಗೆದು, ಅವರ ಅಕ್ಕಪಕ್ಕದಲ್ಲೇ ವಾಸಿಸುವ ಅದೇ ವಯಸ್ಸಿನವರ ಜೊತೆ ಹೋಲಿಸಿದರು. 2023ರಲ್ಲಿ ಪ್ರಕಟವಾಯಿತು. ಲಸಿಕೆಯಿಂದ ಅಪಾಯ ಹೆಚ್ಚಿರಲಿಲ್ಲ. ಹೆಚ್ಚಿಸಿದ್ದು ಯಾವುದು ಅಂದರೆ: ಮನೆತನದಲ್ಲಿ ಹಠಾತ್ ಸಾವಿನ ಇತಿಹಾಸ, ಕೋವಿಡ್‌ಗೆ ಆಸ್ಪತ್ರೆ ಸೇರಿದ್ದು, ಸಾವಿಗೆ ಮುಂಚಿನ 48 ಗಂಟೆಯೊಳಗೆ ವಿಪರೀತ ಕುಡಿದದ್ದು, ಅದೇ 48 ಗಂಟೆಯಲ್ಲಿ ಮೈಮುರಿಯುವಷ್ಟು ಶ್ರಮ ಮಾಡಿದ್ದು.

ಕೊನೆಯದನ್ನು ಮೇಷ್ಟ್ರು ಗಮನಿಸಬೇಕು. ವರ್ಷಗಟ್ಟಲೆ ಕುರ್ಚಿಯಲ್ಲಿ ಕೂತವನು ಒಂದು ದಿನ ಎದ್ದು ಪಂಥ ಕಟ್ಟಿ ಓಡಿದರೆ ಅಪಾಯ. ಗುಂಪು ಕಟ್ಟಿದಾಗ ಈ ಪಂಥ ಬಂದೇ ಬರುತ್ತೆ, ಗಣಪತಿ ಸಮಿತಿ ಹುಡುಗರಿದ್ದಾರೆ ಅಂತ ಬೇರೆ ಹೇಳಿದ್ದೀರಿ. ನಡೆಯುವಾಗ ಮಾತಾಡಲು ಆಗಬೇಕು, ಹಾಡಲು ಆಗಬಾರದು. ಅಷ್ಟು ವೇಗ ಸಾಕು. ವಾರಕ್ಕೆ ಒಟ್ಟು 150 ನಿಮಿಷದಿಂದ 300 ನಿಮಿಷ ಅಂತ ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ. ಜೊತೆಗೆ ವಾರದಲ್ಲಿ ಎರಡು ದಿನ ತೋಳು, ತೊಡೆಗೆ ಬಲ ಬರುವಂಥದ್ದು. ಕುರ್ಚಿಯಿಂದ ಕೈ ಊರದೆ ಎದ್ದು ಕೂರೋದು ಕೂಡ ಅದರಲ್ಲಿ ಬರುತ್ತೆ. ನಡೆದಾಗ ಎದೆ ಹಿಡಿದು, ನಿಂತಾಗ ಬಿಟ್ಟುಹೋಗುವ ಅನುಭವ ಯಾರಿಗಾದರೂ ಇದ್ದರೆ ಅವರನ್ನು ವ್ಯಾಯಾಮಕ್ಕೆ ಸೇರಿಸಬೇಡಿ. ಅದು ಹೃದಯದ ರಕ್ತನಾಳ ಕಿರಿದಾದ ಲಕ್ಷಣ, ಮೊದಲು ವೈದ್ಯರ ಹತ್ತಿರ ಹೋಗಲಿ. ತಂದೆಯೋ ಅಣ್ಣನೋ ಚಿಕ್ಕ ವಯಸ್ಸಲ್ಲಿ ಹಠಾತ್ತಾಗಿ ಹೋಗಿದ್ದರೆ ಅವರೂ ಅಷ್ಟೇ.

ತಿರುವನಂತಪುರದ ಕನ್ನಡತಿ

ಮೇಷ್ಟ್ರಿಗೆ ನಮಸ್ಕಾರ. ನಾನು ಇಲ್ಲಿ ಸಾರ್ವಜನಿಕ ಆರೋಗ್ಯ ಓದುತ್ತಿದ್ದೇನೆ, ಊರು ಶಿವಮೊಗ್ಗ. ನೀವು ಕೇಳಿದ್ದಕ್ಕೆ ತೀರಾ ಹತ್ತಿರದ ಪ್ರಯೋಗವೊಂದು ಇಲ್ಲಿನ ತಿರುವನಂತಪುರ ಜಿಲ್ಲೆಯ ನೆಯ್ಯಾಟ್ಟಿಂಕರ ತಾಲ್ಲೂಕಿನಲ್ಲಿ ನಡೆದಿದೆ. ಸಕ್ಕರೆ ಕಾಯಿಲೆ ತಡೆಯಲು ಮಾಡಿದ್ದು, ಆದರೆ ಹೃದಯಕ್ಕೂ ಅದೇ ದಾರಿ.

ಅವರು ಊರನ್ನು ಹೇಗೆ ಹಂಚಿಕೊಂಡರು ಅನ್ನೋದೇ ನನಗೆ ಬಹಳ ಇಷ್ಟವಾದ ವಿಷಯ. ಮತಗಟ್ಟೆ ಪ್ರಕಾರ! ಒಂದು ಮತಗಟ್ಟೆಯ ವ್ಯಾಪ್ತಿ ಅಂದರೆ ನಡೆದು ಹೋಗುವಷ್ಟು ದೂರ, ಮುಖಪರಿಚಯ ಇರುವ ಜನ, ಮತದಾರರ ಪಟ್ಟಿ ಸಿದ್ಧವಾಗಿದೆ. ಅಂಥ 60 ಮತಗಟ್ಟೆ ಪ್ರದೇಶ ಆರಿಸಿ, ಚೀಟಿ ಎತ್ತಿದ ಹಾಗೆ ಅರ್ಧಕ್ಕೆ ಕಾರ್ಯಕ್ರಮ, ಉಳಿದರ್ಧಕ್ಕೆ ಒಂದು ಆರೋಗ್ಯ ಕಿರುಪುಸ್ತಕ ಮಾತ್ರ ಕೊಟ್ಟರು. 30ರಿಂದ 60 ವಯಸ್ಸಿನ, ಕಾಯಿಲೆ ಇನ್ನೂ ಬಾರದ ಆದರೆ ಬರುವ ಸಾಧ್ಯತೆ ಹೆಚ್ಚಿದ್ದ 1,007 ಜನ ಸೇರಿದರು. ಸೊಂಟದ ಸುತ್ತಳತೆ, ವಯಸ್ಸು, ಅಪ್ಪ-ಅಮ್ಮನಿಗೆ ಕಾಯಿಲೆ ಇತ್ತಾ, ಮೈಮುರಿದು ದುಡಿತೀರಾ ಅನ್ನೋ ನಾಲ್ಕು ಪ್ರಶ್ನೆಯಲ್ಲೇ ಜನರನ್ನು ಗುರುತಿಸಿದರು. ಅಳತೆ ಟೇಪ್ ಒಂದಿದ್ದರೆ ಸಾಕು.

ಒಂದು ವರ್ಷದಲ್ಲಿ 15 ಸಭೆ. ಮೂರು ಮಾತ್ರ ತಜ್ಞರದ್ದು, ಉಳಿದ 12 ಸಭೆ ನಡೆಸಿದ್ದು ಅದೇ ಊರಿನ ಜನ. ಪ್ರತಿ ಗುಂಪಿಗೆ ಸಾಧ್ಯವಾದಷ್ಟೂ ಒಬ್ಬ ಗಂಡಸು, ಒಬ್ಬ ಹೆಂಗಸು ಮುಂದಾಳುಗಳು. ಅವರು ಡಾಕ್ಟರೂ ಅಲ್ಲ, ನರ್ಸೂ ಅಲ್ಲ, ತರಬೇತಿ ಪಡೆದ ನೆರೆಮನೆಯವರು. ಸಭೆ ನಡೆದದ್ದು ಯಾರದೋ ಮನೆಯ ಪಡಸಾಲೆಯಲ್ಲಿ, ಊರ ವಾಚನಾಲಯದಲ್ಲಿ, ಜನರಿಗೆ ಬಿಡುವಿರುವ ದಿನ. ಸಭೆಯ ನಡುವಿನ ದಿನಗಳಲ್ಲಿ ಜೊತೆಗೂಡಿ ನಡೆಯೋದು, ಯೋಗ, ಹಿತ್ತಲಲ್ಲಿ ತರಕಾರಿ ಬೆಳೆಯೋದು ನಡೀತಿತ್ತು. ಹಾಲು ಹಾಕುವ ಸಹಕಾರ ಸಂಘದ ಹಾಗೆ, ಒಬ್ಬ ಬರದಿದ್ದರೆ ಯಾಕೆ ಬರಲಿಲ್ಲ ಅಂತ ಕೇಳುವವರಿರುತ್ತಿದ್ದರು.

ಹಾಸನದ ಮೇಷ್ಟ್ರು

ತಾಯಿ, ಮತಗಟ್ಟೆ ವಿಚಾರ ಕೇಳಿ ಬಹಳ ಸಂತೋಷವಾಯಿತು. ನಾನು ಎಷ್ಟೋ ಚುನಾವಣೆಗೆ ಕೆಲಸ ಮಾಡಿದವನು, ಆ ಪಟ್ಟಿಯ ಬೆಲೆ ನನಗೆ ಗೊತ್ತು. ಫಲಿತಾಂಶ ಏನಾಯಿತು?

ತಿರುವನಂತಪುರದ ಕನ್ನಡತಿ

ಇದ್ದದ್ದನ್ನು ಇದ್ದ ಹಾಗೆ ಹೇಳ್ತೀನಿ ಸರ್. ಎರಡು ವರ್ಷದ ಕೊನೆಗೆ ಕಿರುಪುಸ್ತಕದ ಗುಂಪಿನಲ್ಲಿ ಶೇ. 17.1 ಜನಕ್ಕೆ ಸಕ್ಕರೆ ಕಾಯಿಲೆ ಬಂದಿತ್ತು, ಕಾರ್ಯಕ್ರಮದ ಗುಂಪಿನಲ್ಲಿ ಶೇ. 14.9. ಕಡಿಮೆ ಆಗಿದೆ, ಆದರೆ ಇಷ್ಟು ವ್ಯತ್ಯಾಸ ಆಕಸ್ಮಿಕವಾಗಿಯೂ ಬರಬಹುದಿತ್ತು ಅಂತ ಲೆಕ್ಕ ಹೇಳಿತು. ಸ್ಪಷ್ಟವಾಗಿ ಸುಧಾರಿಸಿದ್ದು ಬೇರೆ: ಆ ನಾಲ್ಕು ಪ್ರಶ್ನೆಯಿಂದ ಹಾಕಿದ ಒಟ್ಟು ಅಪಾಯದ ಅಂಕ ಇಳಿಯಿತು, ಕುಡಿತ ಕಡಿಮೆಯಾಯಿತು, ಹಣ್ಣು ತರಕಾರಿ ತಿನ್ನೋದು ಹೆಚ್ಚಾಯಿತು. ಆಮೇಲೆ ಇದನ್ನು ಕೇರಳದ ಸ್ವಸಹಾಯ ಸಂಘಗಳಾದ ಕುಟುಂಬಶ್ರೀಯ ಮಹಿಳೆಯರ ಮೂಲಕ ವಿಸ್ತರಿಸುವ ಕೆಲಸವೂ ನಡೆಯಿತು.

ಎರಡು ವರ್ಷಕ್ಕೆ ದೊಡ್ಡ ಫಲ ಕಾಣದಿದ್ದರೆ ಬಿಟ್ಟುಬಿಡೋ ಗುಂಪುಗಳೇ ಜಾಸ್ತಿ. ಚೀನಾದ ದಾಚಿಂಗ್ ಪಟ್ಟಣದಲ್ಲಿ 1986ರಲ್ಲಿ ಶುರುವಾದ ಇದೇ ಬಗೆಯ ಪ್ರಯೋಗ ನೋಡಿ. ಊಟ, ವ್ಯಾಯಾಮ ತಿದ್ದಿಕೊಳ್ಳಲು ಆರು ವರ್ಷ ಜನರ ಜೊತೆ ನಿಂತರು. 30 ವರ್ಷ ಆದ ಮೇಲೆ ಲೆಕ್ಕ ಹಾಕಿದರೆ, ಆ ಗುಂಪಿನಲ್ಲಿ ಹೃದಯ-ರಕ್ತನಾಳದ ಕಾಯಿಲೆಯ ಸಾವು ಸುಮಾರು ಮೂರನೇ ಒಂದು ಪಾಲು ಕಡಿಮೆ ಇತ್ತು. ಗುಂಪು ಎಷ್ಟು ವರ್ಷ ಬಾಳುತ್ತೆ ಅನ್ನೋದನ್ನು ಮೊದಲ ದಿನವೇ ಯೋಚಿಸಿ.

ಅಡುಗೆಮನೆ ಅಕ್ಕ, ಹೊಳೆನರಸೀಪುರ

ನಾನು ಸ್ತ್ರೀಶಕ್ತಿ ಸಂಘದವಳು, ಅದಕ್ಕೇ ಹೇಳ್ತೀನಿ. ಬೆಳಿಗ್ಗೆ ಆರಕ್ಕೆ ಅಂತ ಇಟ್ಟರೆ ಒಬ್ಬ ಹೆಂಗಸೂ ಬರಲ್ಲ. ಆಗ ಒಲೆ ಮುಂದೆ ಇರ್ತೀವಿ, ಮಕ್ಕಳ ಡಬ್ಬಿ, ಗಂಡನ ಡಬ್ಬಿ, ಅತ್ತೆಯ ಮಾತ್ರೆ. ನಮಗೆ ಬಿಡುವು ಸಿಗೋದು ಮಧ್ಯಾಹ್ನ ಮೂರೂವರೆಯಿಂದ ಐದು. ಬಿಸಿಲಿರುತ್ತೆ, ಪಾರ್ಕಿನಲ್ಲಿ ನೆರಳಿಲ್ಲ, ಆದ್ದರಿಂದ ಸಮುದಾಯ ಭವನದ ಬಾಗಿಲು ಆ ಹೊತ್ತಿಗೆ ತೆರೆಸಿಕೊಡಿ ಮೇಷ್ಟ್ರೇ. ಕೋಲಾಟ ಆಡಿದರೂ ಬೆವರು ಬರುತ್ತೆ. ಸೀರೆಯಲ್ಲಿ ಬರಬಹುದು, ಶೂ ಬೇಕಾಗಿಲ್ಲ ಅಂತ ಬಾಯಿಬಿಟ್ಟು ಹೇಳಿ. ನೈಟಿ ಮೇಲೆ ವೇಲ್ ಹಾಕ್ಕೊಂಡು ಬರೋರನ್ನೂ ಯಾರೂ ಏನೂ ಅನ್ನಬಾರದು.

ಇನ್ನು ಉಪ್ಪು. ನಮ್ಮ ಸಂಘದಲ್ಲಿ ಒಂದು ಪದ್ಧತಿ ಮಾಡಿದ್ದೀವಿ. ಉಪ್ಪಿನ ಪ್ಯಾಕೆಟ್ ಒಡೆದ ದಿನ ಅದರ ಮೇಲೆ ಪೆನ್ನಲ್ಲಿ ತಾರೀಕು ಬರೆಯೋದು, ಮುಗಿದ ದಿನ ಇನ್ನೊಂದು ತಾರೀಕು. ಒಬ್ಬರಿಗೆ ದಿನಕ್ಕೆ 5 ಗ್ರಾಂ ಒಳಗೆ, ಅಂದರೆ ಒಂದು ಟೀ ಚಮಚ, ಅಂತ ನರ್ಸಮ್ಮ ಹೇಳಿದ್ದರು. ನಾಲ್ಕು ಜನರ ಮನೆಗೆ ತಿಂಗಳಿಗೆ 600 ಗ್ರಾಂ ಆಯ್ತು. ಒಂದು ಕೆ.ಜಿ. ಪ್ಯಾಕೆಟ್ ಒಂದೂವರೆ ತಿಂಗಳು ದಾಟಬೇಕು. ಸಭೆಗೆ ಎಲ್ಲರೂ ಖಾಲಿ ಪ್ಯಾಕೆಟ್ ತಂದಾಗ ಮೂರು ವಾರಕ್ಕೆ ಮುಗಿಸಿದವರೂ ಇದ್ದರು. ಯಾರನ್ನೂ ಬೈಯಲಿಲ್ಲ. ಎಲ್ಲಿ ಹೋಗುತ್ತೆ ಅಂತ ಕೂತು ಮಾತಾಡಿದೆವು. ಮುದ್ದೆಗೆ ಉಪ್ಪು, ಅನ್ನಕ್ಕೆ ಉಪ್ಪು, ಉಪ್ಸಾರಿಗೆ ಉಪ್ಪು, ಮೇಲೆ ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಬಾಳಕದ ಮೆಣಸಿನಕಾಯಿ. ಮುದ್ದೆಗೂ ಅನ್ನಕ್ಕೂ ಹಾಕೋದು ಬಿಟ್ಟೆವು. ಎರಡು ವಾರ ಗಂಡಸರು ಗೊಣಗಿದರು, ಆಮೇಲೆ ನಾಲಿಗೆ ಒಗ್ಗಿತು. ನಿಂಬೆಹುಳಿ, ಹುಣಸೆ, ಕಾಳುಮೆಣಸು ಮುಂದೆ ಮಾಡಿದರೆ ಉಪ್ಪು ಕಡಿಮೆ ಇದ್ದದ್ದು ಗೊತ್ತಾಗಲ್ಲ.

ಬೇಕರಿ ಖಾರಾ ಬೂಂದಿ, ಚಿಪ್ಸಿನ ಉಪ್ಪು ಈ ಲೆಕ್ಕಕ್ಕೆ ಸಿಗಲ್ಲ. ಅದು ಬೇರೆ ಜಗಳ.

ಹುಬ್ಬಳ್ಳಿ ಮಂದಿ

ಅಕ್ಕಾರ, ಭಾಳ ಛಲೋ ಹೇಳಿದ್ರಿ. ನಮ್ಮ ಕಡೆ ಮಿರ್ಚಿ ಭಜಿ, ಗಿರ್ಮಿಟ್ ಬಿಡಾಕ ಆಗೂದಿಲ್ಲರಿ, ಆದ್ರ ಜ್ವಾಳದ ರೊಟ್ಟಿಗೆ ಉಪ್ಪು ಹಾಕೂದ ಇಲ್ಲ, ಅದೊಂದು ಪುಣ್ಯ. ಒಂದು ಕೇಳೂದಿತ್ತು. ಅಂಗಡ್ಯಾಗ ಕಡಿಮಿ ಸೋಡಿಯಂ ಉಪ್ಪು ಅಂತ ಬಂದದ. ಅದನ್ನ ಇಡೀ ಓಣಿಗೆ ಕೊಡಿಸಿದ್ರ ಹ್ಯಾಂಗರಿ?

ಮೈಸೂರು ವೈದ್ಯೆ

ಒಳ್ಳೆ ಪ್ರಶ್ನೆ. ಚೀನಾದ ಹಳ್ಳಿಗಳಲ್ಲಿ ಹಾಗೇ ಮಾಡಿ ನೋಡಿದ್ದಾರೆ. 600 ಹಳ್ಳಿ, ಸುಮಾರು 21 ಸಾವಿರ ಜನ. ಪಾರ್ಶ್ವವಾಯು ಆಗಿದ್ದವರು ಅಥವಾ 60 ದಾಟಿ ಬಿ.ಪಿ. ಇದ್ದವರು. ಅರ್ಧ ಹಳ್ಳಿಗಳಿಗೆ ಮಾಮೂಲಿ ಉಪ್ಪಿನ ಬದಲು ಕಾಲು ಭಾಗ ಪೊಟ್ಯಾಸಿಯಂ ಕ್ಲೋರೈಡ್ ಬೆರೆಸಿದ ಉಪ್ಪು ಕೊಟ್ಟರು. ಐದು ವರ್ಷದ ಹತ್ತಿರ ಗಮನಿಸಿದಾಗ ಪಾರ್ಶ್ವವಾಯು ಶೇ. 14, ಒಟ್ಟು ಸಾವು ಶೇ. 12 ಕಡಿಮೆ. 2021ರಲ್ಲಿ ಬಂದ ವರದಿ. ಉಪ್ಪು ಬದಲಿಸಿದ್ದು ಬಿಟ್ಟರೆ ಅವರ ಅಡುಗೆಯಲ್ಲಿ ಬೇರೇನೂ ಬದಲಿಸಲಿಲ್ಲ.

ಆದರೆ ಓಣಿಗೆಲ್ಲ ಹಂಚಬೇಡಿ. ಮೂತ್ರಪಿಂಡದ ತೊಂದರೆ ಇರುವವರಿಗೆ, ಪೊಟ್ಯಾಸಿಯಂ ಏರಿಸುವ ಕೆಲವು ಬಿ.ಪಿ. ಮಾತ್ರೆ ತೆಗೆದುಕೊಳ್ಳುವವರಿಗೆ ಇದು ಅಪಾಯ. ಸಕ್ಕರೆ ಕಾಯಿಲೆ ಹಳೆಯದಾದವರಲ್ಲಿ ಕಿಡ್ನಿ ಸೋತಿರೋದು ಅವರಿಗೇ ಗೊತ್ತಿರಲ್ಲ. ಕಿಡ್ನಿ ಹೇಗಿದೆ ಅಂತ ತಿಳಿಸುವ ಕ್ರಿಯಾಟಿನಿನ್ ರಕ್ತಪರೀಕ್ಷೆ ಮಾಡಿಸಿ, ವೈದ್ಯರನ್ನು ಕೇಳಿ, ಆಮೇಲೆ.

ಆಟೋ ಅಣ್ಣ

ನಾನು ಹಾಸನ ಹಳೇ ಬಸ್ ಸ್ಟ್ಯಾಂಡ್ ಕಡೆ ಆಟೋ ಓಡಿಸ್ತೀನಿ. ಆ ಸಮಿತಿ ವರದಿ ಬಂದಾಗ ಆಟೋ, ಕ್ಯಾಬ್ ಡ್ರೈವರ್‌ಗಳ ವಿಚಾರಾನೂ ಬಂತು, ಸ್ಟ್ಯಾಂಡಲ್ಲಿ ಅವತ್ತು ಪೂರಾ ಅದೇ ಮಾತು. ನಾವು ಬೆಳಿಗ್ಗೆ ಕೂತ್ರೆ ರಾತ್ರಿವರೆಗೂ ಕೂತೇ ಇರ್ತೀವಿ. ಊಟ ಹೊತ್ತಿಗಾಗಲ್ಲ. ಟೀ, ಬನ್, ಸಿಗರೇಟ್‌ನಲ್ಲೇ ದಿನ ಹೋಗುತ್ತೆ. ಸಾಲದ ಕಂತು ತಲೆ ಮೇಲೆ. ಆಸ್ಪತ್ರೆಗೆ ಹೋಗಿ ಅರ್ಧ ದಿನ ಕ್ಯೂ ನಿಂತ್ರೆ ಅವತ್ತಿನ ಬಾಡಿಗೆ ಹೋಯ್ತು. ನೀವು ಸಮುದಾಯ ಭವನದಲ್ಲಿ ಮಾಡಿದ್ರೆ ನಾವು ಬರೋಕಾಗಲ್ಲ ಮೇಷ್ಟ್ರೇ. ಮಷೀನ್ ತಗೊಂಡು ಸ್ಟ್ಯಾಂಡಿಗೇ ಬನ್ನಿ. ಮಧ್ಯಾಹ್ನ ಬಾಡಿಗೆ ಕಡಿಮೆ ಇರುತ್ತೆ, ಸಾಲಲ್ಲಿ ನಿಂತಿರ್ತೀವಿ, ಐದು ನಿಮಿಷ ಕೂರೋದೇನು ಕಷ್ಟ ಅಲ್ಲ.

ತಿರುವನಂತಪುರದ ಕನ್ನಡತಿ

ಅಣ್ಣಾ, ನಿಮ್ಮ ಮಾತಿಗೆ ದೊಡ್ಡ ಆಧಾರವೇ ಇದೆ. ಅಮೆರಿಕದ ಲಾಸ್ ಏಂಜಲೀಸ್‌ನಲ್ಲಿ ಕಪ್ಪುಜನರ 52 ಕ್ಷೌರದಂಗಡಿಗಳಲ್ಲಿ ಹೀಗೇ ಮಾಡಿದರು. ಆಸ್ಪತ್ರೆ ಕಡೆ ತಲೆ ಹಾಕದ ಗಂಡಸರು ತಿಂಗಳಿಗೆರಡು ಸಲ ಕ್ಷೌರಕ್ಕಂತೂ ಬರುತ್ತಾರೆ. ಅರ್ಧ ಅಂಗಡಿಗಳಲ್ಲಿ ಕ್ಷೌರಿಕ ಬುದ್ಧಿ ಹೇಳಿ ಡಾಕ್ಟರ ಹತ್ತಿರ ಹೋಗಿ ಅಂದ. ಉಳಿದರ್ಧದಲ್ಲಿ ಔಷಧತಜ್ಞರೇ ಅಂಗಡಿಗೆ ಬಂದು, ವೈದ್ಯರ ಒಪ್ಪಿಗೆಯ ಮೇಲೆ ಅಲ್ಲೇ ಮಾತ್ರೆ ಶುರು ಮಾಡಿದರು. ಆರು ತಿಂಗಳಲ್ಲಿ ಮೇಲಿನ ಬಿ.ಪಿ. ಬುದ್ಧಿಮಾತಿನ ಗುಂಪಿನಲ್ಲಿ ಸುಮಾರು 9 ಅಂಶ ಇಳಿಯಿತು, ಮಾತ್ರೆ ಕೈಗೇ ಸಿಕ್ಕ ಗುಂಪಿನಲ್ಲಿ 27 ಅಂಶ. 2018ರ ಮಾತು ಇದು.

ನಮ್ಮ ಗುಂಪುಗಳು ಸೋಲೋದು ಇಲ್ಲೇ ಅನ್ನೋದು ನನ್ನ ಅಭಿಪ್ರಾಯ. ಶಿಬಿರ ಮಾಡ್ತೇವೆ, ಬಿ.ಪಿ. ನೋಡ್ತೇವೆ, ಜಾಸ್ತಿ ಇದೆ ಅಂತ ಚೀಟಿ ಕೊಡ್ತೇವೆ, ಫೋಟೋ ತೆಗೆಸಿಕೊಳ್ತೇವೆ. ಚೀಟಿ ಹಿಡಿದವನು ಮಾತ್ರೆ ತನಕ ತಲುಪಿದನಾ ಅಂತ ಯಾರೂ ಕೇಳಲ್ಲ.

ಸಮುದಾಯ ಆರೋಗ್ಯ ಅಧಿಕಾರಿ, ಅರಕಲಗೂಡು ಕಡೆ

ನೂರಕ್ಕೆ ನೂರು ನಿಜ. ತಲುಪಿದವನೂ ತಿಂಗಳಾದ ಮೇಲೆ ಈಗ ನಾರ್ಮಲ್ ಇದೆಯಲ್ಲ ಅಂತ ಬಿಟ್ಟುಬಿಡ್ತಾನೆ. ಮಾತ್ರೆ ತಗೊಂಡಿದ್ದಕ್ಕೇ ನಾರ್ಮಲ್ ಆಗಿದ್ದು ಅನ್ನೋದನ್ನು ನಾನು ದಿನಾ ಹೇಳಿ ಹೇಳಿ ಸಾಕಾಗಿದೆ. ಆಟೋ ಅಣ್ಣ, ನಿಮ್ಮ ಸ್ಟ್ಯಾಂಡಿನಲ್ಲಿ ಎಲ್ಲರ ಮಾತು ಕೇಳುವ ಒಬ್ಬರು ಇರ್ತಾರಲ್ಲ, ಅವರ ಹೆಸರಲ್ಲಿ ಒಂದು ಪಟ್ಟಿ ಇಡಿ. ಯಾರ ಮಾತ್ರೆ ಯಾವಾಗ ಮುಗಿಯುತ್ತೆ ಅಂತ. ಸಿಗರೇಟ್ ಬಿಡಬೇಕು ಅನ್ನೋರಿಗೆ ಸರ್ಕಾರದ ಉಚಿತ ಸಹಾಯವಾಣಿ ಇದೆ, 1800-11-2356.

ಲಂಡನ್ ಕನ್ನಡಿಗ

ಇಲ್ಲಿಂದ ಒಂದು ಅನುಭವ. ಪಾರ್ಕ್‌ರನ್ ಅಂತ ಇದೆ. 2004ರ ಅಕ್ಟೋಬರ್‌ನಲ್ಲಿ ಲಂಡನ್ನಿನ ಬುಷಿ ಪಾರ್ಕಿನಲ್ಲಿ 13 ಜನ ಓಡಿ ಶುರುವಾದದ್ದು. ಶನಿವಾರ ಬೆಳಿಗ್ಗೆ 5 ಕಿ.ಮೀ., ದುಡ್ಡಿಲ್ಲ, ಸ್ಪರ್ಧೆ ಇಲ್ಲ. ಎಲ್ಲರಿಗಿಂತ ಹಿಂದೆ ನಡೆಯಲು ಒಬ್ಬ ಸ್ವಯಂಸೇವಕ ಇದ್ದೇ ಇರುತ್ತಾರೆ, ಹಾಗಾಗಿ ಯಾರೂ ಕೊನೆಯವರಾಗಲ್ಲ. ನಿಧಾನಕ್ಕೆ ನಡೆಯುವವರು ಬರಲು ನಾಚೋದು ಈ ಒಂದು ಏರ್ಪಾಟಿನಿಂದ ಹೋಯಿತು. ಮೇಷ್ಟ್ರು ಇದನ್ನು ಖಂಡಿತ ಎರವಲು ಪಡೆಯಬಹುದು. ಇಲ್ಲಿನ ಕುಟುಂಬ ವೈದ್ಯರು ತಮ್ಮ ರೋಗಿಗಳನ್ನು ಪಾರ್ಕ್‌ರನ್‌ಗೆ ಕಳಿಸೋದೂ ಇದೆ.

ಇನ್ನೊಂದು, ನಮ್ಮ ದಕ್ಷಿಣ ಏಷ್ಯಾದವರಿಗೆ ಇಲ್ಲಿ ಅಳತೆಯೇ ಬೇರೆ. ಸೊಂಟ ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ದಾಟಿದರೆ ಎಚ್ಚರಿಸುತ್ತಾರೆ. ತೆಳ್ಳಗಿದ್ದೂ ಹೊಟ್ಟೆ ಮಾತ್ರ ಮುಂದೆ ಬಂದವರು ನಮ್ಮಲ್ಲಿ ಎಷ್ಟು ಜನ! ಮೊದಲ ಹೃದಯಾಘಾತ ನಮ್ಮವರಿಗೆ ಬೇರೆ ದೇಶದವರಿಗಿಂತ ಸುಮಾರು ಆರು ವರ್ಷ ಮುಂಚೆ ಬರುತ್ತೆ ಅಂತ 52 ದೇಶಗಳ ಇಂಟರ್‌ಹಾರ್ಟ್ ಅಧ್ಯಯನದಲ್ಲಿ ಕಂಡಿತ್ತು.

ಡೇರಿ ಕಾರ್ಯದರ್ಶಿ

ನಮ್ಮದು ಚನ್ನರಾಯಪಟ್ಟಣದ ಕಡೆ ಹಳ್ಳಿ, ಹಾಲು ಉತ್ಪಾದಕರ ಸಂಘ ನೋಡ್ಕೋತೀನಿ, ಬೆಳಗಾದ್ರೆ ಹುಲ್ಲು ಕುಯ್ಯೋದು, ಕೊಟ್ಟಿಗೆ, ತೆಂಗಿನ ತೋಟ. ಎರಡು ಪ್ರಶ್ನೆ. ಒಂದು, ಇಷ್ಟು ದುಡಿಯೋ ನಾವೂ ವಾಕಿಂಗ್ ಮಾಡಬೇಕಾ? ನಮ್ಮೂರಲ್ಲಿ ಮಣ್ಣು ಹೊರೋ ಆಳೇ ಎದೆ ಹಿಡ್ಕೊಂಡು ಬಿದ್ದ. ಎರಡು, ಈ ಹೃದಯದ ಮಾತು ಬಂದಾಗೆಲ್ಲ ಹಾಲು, ತುಪ್ಪ ಬಿಡಿ ಅಂತಾರೆ. ಬಿಟ್ರೆ ನಮ್ಮ ಹೊಟ್ಟೆಪಾಡು ಏನು?

ಮೈಸೂರು ವೈದ್ಯೆ

ಕಾರ್ಯದರ್ಶಿಗಳೇ, ನಿಮ್ಮ ಎರಡೂ ಪ್ರಶ್ನೆಗೆ ಒಂದೇ ಊರಿನ ಕಥೆಯಲ್ಲಿ ಉತ್ತರ ಇದೆ. ಸ್ವಲ್ಪ ಉದ್ದ ಆದರೂ ಹೇಳುತ್ತೇನೆ.

ಫಿನ್ಲೆಂಡಿನ ಪೂರ್ವಕ್ಕೆ ಉತ್ತರ ಕರೇಲಿಯಾ ಅಂತ ಪ್ರಾಂತ್ಯ. ಕಾಡು, ಸರೋವರ, ಹೈನುಗಾರಿಕೆ. ಗಂಡಸರು ಮರ ಕಡಿಯುವವರು, ಬೇಸಾಯದವರು, ಗಟ್ಟಿಮುಟ್ಟು ಆಳುಗಳು. 1960ರ ದಶಕದಲ್ಲಿ ಅದೇ ಗಂಡಸರು ಜಗತ್ತಿನಲ್ಲೇ ಅತಿ ಹೆಚ್ಚಿನ ಪ್ರಮಾಣದಲ್ಲಿ ಹೃದಯಾಘಾತದಿಂದ ಸಾಯುತ್ತಿದ್ದರು. ಮೈ ದುಡಿತಕ್ಕೆ ಕೊರತೆ ಇರಲಿಲ್ಲ. ಆದರೆ ರೊಟ್ಟಿಗೆ ದಪ್ಪಕ್ಕೆ ಬೆಣ್ಣೆ, ಕೆನೆಹಾಲು, ಉಪ್ಪು ಹಾಕಿಟ್ಟ ಮಾಂಸ, ತರಕಾರಿ ಕಡಿಮೆ, ಸಿಗರೇಟು ಜಾಸ್ತಿ. ನಿಮ್ಮ ಮೊದಲ ಪ್ರಶ್ನೆಗೆ ಉತ್ತರ ಇದು: ನೀವು ದುಡಿಯೋದು ವ್ಯಾಯಾಮದ ಲೆಕ್ಕಕ್ಕೆ ಬರುತ್ತೆ, ಬೇರೆ ವಾಕಿಂಗ್ ಬೇಕಿಲ್ಲ. ಆದರೆ ಬೀಡಿ, ಉಪ್ಪು, ಬಿ.ಪಿ., ಕೊಲೆಸ್ಟ್ರಾಲ್ ನಿಮ್ಮ ದುಡಿತ ನೋಡಿ ಸುಮ್ಮನಿರಲ್ಲ.

1971ರಲ್ಲಿ ಅಲ್ಲಿನ ಜನರೇ ಸರ್ಕಾರಕ್ಕೆ ಮನವಿ ಬರೆದು ಏನಾದರೂ ಮಾಡಿ ಅಂದರು. 1972ರಲ್ಲಿ ಪೆಕ್ಕಾ ಪುಸ್ಕಾ ಅನ್ನುವ, ಇನ್ನೂ ಮೂವತ್ತು ದಾಟದ ವೈದ್ಯರ ಮುಂದಾಳತ್ವದಲ್ಲಿ ಕೆಲಸ ಶುರುವಾಯಿತು. ಅವರು ಆಸ್ಪತ್ರೆಯಲ್ಲಿ ಕೂರಲಿಲ್ಲ. ಮಾರ್ತಾ ಅನ್ನುವ ಗೃಹಿಣಿಯರ ಸಂಘವನ್ನು ಹಿಡಿದರು. ಆ ಹೆಂಗಸರು ಊರೂರಲ್ಲಿ ಮಧ್ಯಾಹ್ನ ಸೇರಿ, ತಮ್ಮದೇ ಅಡುಗೆಯನ್ನು ಕೊಬ್ಬು, ಉಪ್ಪು ತಗ್ಗಿಸಿ, ತರಕಾರಿ ಹೆಚ್ಚಿಸಿ ಮಾಡಿ ಒಟ್ಟಿಗೆ ಕೂತು ಉಣ್ಣುತ್ತಿದ್ದರು. ಹೊಳೆನರಸೀಪುರದ ಅಕ್ಕ ಮಾಡುತ್ತಿರೋದು ಇದನ್ನೇ. ಹಳ್ಳಿ ಹಳ್ಳಿಗಳ ನಡುವೆ ಯಾರ ಕೊಲೆಸ್ಟ್ರಾಲ್ ಹೆಚ್ಚು ಇಳಿಯುತ್ತೆ ಅಂತ ಪಂದ್ಯ ಇಟ್ಟರು.

ಹಾಲಿನವರಿಂದ ವಿರೋಧ ಬಂತು, ಬರಲೇಬೇಕಲ್ಲ. ಕೆಲಸ ಮುಂದುವರಿದಂತೆ ಕೊಬ್ಬು ತೆಗೆದ ಹಾಲಿನ ಬಳಕೆ ಬೆಳೆಯಿತು, ಬೆಣ್ಣೆಯ ಜಾಗಕ್ಕೆ ಸಾಸಿವೆ ಜಾತಿಯದೇ ಬೆಳೆಯಿಂದ ತೆಗೆದ ಎಣ್ಣೆ ಬಂತು, ಕೆಲವು ರೈತರು ಬೆರ್ರಿ ಹಣ್ಣಿನ ಬೇಸಾಯಕ್ಕೆ ಹೊರಳಲು ನೆರವು ಸಿಕ್ಕಿತು. ರೈತರ ಹೊಟ್ಟೆ ಮೇಲೆ ಹೊಡೆದು ಮಾಡಿದ ಕಾರ್ಯಕ್ರಮ ಊರಲ್ಲಿ ನಿಲ್ಲಲ್ಲ ಅನ್ನೋದು ಅವರಿಗೆ ಗೊತ್ತಿತ್ತು. ಸುಮಾರು 40 ವರ್ಷದಲ್ಲಿ 35ರಿಂದ 64 ವಯಸ್ಸಿನ ಗಂಡಸರ ಹೃದಯಾಘಾತದ ಸಾವು ಅಲ್ಲಿ ಶೇ. 80ಕ್ಕಿಂತ ಹೆಚ್ಚು ಇಳಿಯಿತು. ಆ ಇಳಿಕೆಯಲ್ಲಿ ದೊಡ್ಡ ಪಾಲು ಕೊಲೆಸ್ಟ್ರಾಲ್ ತಗ್ಗಿದ್ದರದ್ದು.

ನಮ್ಮ ಲೆಕ್ಕ ಅವರದ್ದಕ್ಕಿಂತ ಬೇರೆ. ನಾವು ಅವರಷ್ಟು ಬೆಣ್ಣೆ ತಿನ್ನೋರಲ್ಲ. ಹಾಲು, ಮೊಸರು, ಮಜ್ಜಿಗೆ ಬಿಡಬೇಕಾಗಿಲ್ಲ. ಕೊಲೆಸ್ಟ್ರಾಲ್ ಇರುವವರು ಟೋನ್ಡ್ ಹಾಲು ತರಲಿ, ತುಪ್ಪ ಚಮಚದ ಲೆಕ್ಕದಲ್ಲಿರಲಿ. ನಮ್ಮಲ್ಲಿ ಹೆಚ್ಚು ಹಾನಿ ಮಾಡುತ್ತಿರೋದು ಕರಿದ ಎಣ್ಣೆಯಲ್ಲೇ ಮತ್ತೆ ಮತ್ತೆ ಕರಿದದ್ದು, ಬೇಕರಿ ತಿಂಡಿ, ತಟ್ಟೆ ತುಂಬಾ ಬಿಳಿ ಅನ್ನ. ವನಸ್ಪತಿ, ಎಣ್ಣೆಗಳಲ್ಲಿ ಹೃದಯಕ್ಕೆ ಕೆಡುಕಾದ ಟ್ರಾನ್ಸ್ ಕೊಬ್ಬು ಶೇ. 2 ದಾಟಬಾರದು ಅಂತ 2022ರಿಂದ ಕಾನೂನೇ ಇದೆ. ಬಾಣಲೆಯಲ್ಲಿ ಉಳಿದ ಎಣ್ಣೆಗೆ ಕಾವಲು ಹಾಕೋರು ಮಾತ್ರ ಯಾರೂ ಇಲ್ಲ.

ಡೇರಿ ಕಾರ್ಯದರ್ಶಿ

ಸಮಾಧಾನ ಆಯ್ತು ಡಾಕ್ಟ್ರಮ್ಮ. ನಮ್ಮ ಡೇರಿಗೆ ದಿನಾ ಎರಡು ಹೊತ್ತು ಊರಿಗೆ ಊರೇ ಬರುತ್ತೆ. ಕ್ಯಾನ್ ಹಿಡ್ಕೊಂಡು ಸಾಲಲ್ಲಿ ನಿಂತಿರ್ತಾರೆ. ಬಿ.ಪಿ. ಮಷೀನ್ ಅಲ್ಲೇ ಇಡಬಹುದು ಅಂತ ಈಗ ಹೊಳೀತಿದೆ. ಸಂಘದ ಮುಂದಿನ ಸಭೆಯಲ್ಲಿ ಎತ್ತುತ್ತೀನಿ.

ಮೈಸೂರು ವೈದ್ಯೆ

ಇಡಿ, ದಯವಿಟ್ಟು ಇಡಿ. ಇನ್ನೊಂದು ವಿಷಯ ಎಲ್ಲ ಗುಂಪಿಗೂ. ಏನೇ ಮಾಡಿದರೂ ಕೆಲವರಿಗೆ ಹೃದಯಾಘಾತ ಆಗುತ್ತೆ. ಎದೆ ಮಧ್ಯೆ ಹಿಂಡಿದಂತೆ, ಭಾರ ಇಟ್ಟಂತೆ ನೋವು, ಎಡತೋಳಿಗೋ ದವಡೆಗೋ ಹರಿದು ತಣ್ಣನೆ ಬೆವರು ಬಂದರೆ ಗ್ಯಾಸ್ಟ್ರಿಕ್ ಅಂತ ಮಾತ್ರೆ ನುಂಗಿ ಮಲಗಬೇಡಿ. ಸಕ್ಕರೆ ಕಾಯಿಲೆಯವರಲ್ಲಿ, ಹೆಂಗಸರಲ್ಲಿ ನೋವೇ ಇಲ್ಲದೆ ಬರೀ ಉಸಿರುಕಟ್ಟು, ಸುಸ್ತು, ವಾಕರಿಕೆ ಬರಬಹುದು. 108ಕ್ಕೆ ಕರೆ ಮಾಡಿ ಹತ್ತಿರದ ತಾಲ್ಲೂಕು ಆಸ್ಪತ್ರೆಗೆ ಹೋಗಿ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಗಳಲ್ಲೇ ಇಸಿಜಿ ಮಾಡಿ, ಜಯದೇವದಂಥ ಕೇಂದ್ರದ ತಜ್ಞರು ಅದನ್ನು ನೋಡಿ ಹೇಳಿದ ಮೇಲೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಉಚಿತವಾಗಿ ಕೊಡುತ್ತಾರೆ. ಹೊರಗೆ ಬಹಳ ದುಬಾರಿ ಮದ್ದು ಅದು. ನೋವು ಶುರುವಾದ ಮೇಲೆ ಎಷ್ಟು ಬೇಗ ಬಿದ್ದರೆ ಅಷ್ಟು ಹೃದಯದ ಮಾಂಸ ಉಳಿಯುತ್ತೆ.

ಗಣಪತಿ ಸಮಿತಿ ಹುಡುಗರಿಗೆ ಸಿಪಿಆರ್ ಕಲಿಸಿ ಮೇಷ್ಟ್ರೇ. ಕುಸಿದು ಬಿದ್ದು ಉಸಿರಾಡದವರ ಎದೆಯ ನಡುವೆ ನಿಮಿಷಕ್ಕೆ 100ರಿಂದ 120 ಸಲ, 5 ಸೆಂಟಿಮೀಟರ್ ಆಳಕ್ಕೆ ಒತ್ತೋದು. ಅವರಿಗೆ ತೋಳಲ್ಲಿ ಬಲವಿದೆ, ಊರಿಗೆ ಮೊದಲು ಓಡಿ ಬರೋರೂ ಅವರೇ.

ಸಕಲೇಶಪುರ ಹುಡುಗ

ಮೇಡಂ, ಸಿಪಿಆರ್ ತರಬೇತಿ ನಮ್ಮ ಗೆಳೆಯರ ಬಳಗಕ್ಕೂ ಬೇಕು. ಅವನು ಬಿದ್ದಾಗ ಸುತ್ತ ನಾವೆಲ್ಲ ಇದ್ವಿ, ಏನು ಮಾಡಬೇಕು ಅಂತ ಒಬ್ಬರಿಗೂ ಗೊತ್ತಿರಲಿಲ್ಲ. ಹಾಸನದಲ್ಲಿ ಇಟ್ಟರೆ ಬರ್ತೀವಿ.

ಹಾಸನದ ಮೇಷ್ಟ್ರು

ಖಂಡಿತ ಬಾರಪ್ಪ, ನಿಮ್ಮ ಬಳಗಕ್ಕೆ ಮೊದಲ ಸಾಲು.

ಎಲ್ಲರಿಗೂ ಕೈಮುಗಿದೆ. ಮನೆಯವರ ಜೊತೆ, ಸಮಿತಿಯ ಜೊತೆ ಕೂತು ಮಾತಾಡಿದೆ. ನಮ್ಮ ಮತಗಟ್ಟೆಯ ಪಟ್ಟಿ ತೆಗೆದು 30 ದಾಟಿದವರ ಹೆಸರು ಬರೆಯುತ್ತಿದ್ದೇವೆ. ಭವನದ ಬೀಗದ ಕೈ ಮಧ್ಯಾಹ್ನ ಸಂಘದ ಹೆಣ್ಣುಮಕ್ಕಳ ಹತ್ತಿರವೇ ಇರುತ್ತೆ. ಬುಧವಾರ ಆಟೋ ಸ್ಟ್ಯಾಂಡು. ಈಗ ಮಷೀನ್ ಕೊಳ್ಳಬೇಕು. ಅಂಗಡಿಯವರು ಮುಂಗೈಗೆ ಕಟ್ಟುವ ಸಣ್ಣದೊಂದು ತೋರಿಸುತ್ತಿದ್ದಾರೆ, ಒಯ್ಯಲು ಸುಲಭ ಅಂತ. ತೆಗೆದುಕೊಳ್ಳಲೇ?

ಸಮುದಾಯ ಆರೋಗ್ಯ ಅಧಿಕಾರಿ, ಅರಕಲಗೂಡು ಕಡೆ

ಮುಂಗೈದು ಬೇಡ ಸರ್, ಕೈ ಇಟ್ಟ ಭಂಗಿ ಸ್ವಲ್ಪ ಬದಲಾದರೂ ಅಂಕಿ ಬದಲಾಗುತ್ತೆ. ತೋಳಿಗೆ ಕಟ್ಟುವ ಡಿಜಿಟಲ್ ಮಷೀನ್ ತಗೊಳ್ಳಿ. ಜೊತೆಗೆ ದೊಡ್ಡ ಅಳತೆಯ ಪಟ್ಟಿ ಬೇರೆ ಕೇಳಿ. ದಪ್ಪ ತೋಳಿಗೆ ಚಿಕ್ಕ ಪಟ್ಟಿ ಕಟ್ಟಿದರೆ ಇಲ್ಲದ ಬಿ.ಪಿ. ತೋರಿಸುತ್ತೆ. ತಂದ ಮೇಲೆ ಒಂದು ದಿನ ನಮ್ಮಲ್ಲಿಗೆ ತನ್ನಿ, ನಮ್ಮ ಮಷೀನ್ ಪಕ್ಕ ಇಟ್ಟು ಒಬ್ಬರದೇ ತೋಳಿಗೆ ಒಂದಾದ ಮೇಲೊಂದು ಕಟ್ಟಿ ಅಂಕಿ ಹೊಂದುತ್ತಾ ನೋಡೋಣ.

ನೋಟ್‌ಬುಕ್ಕಿನಲ್ಲಿ ಹೆಸರು, ವಯಸ್ಸು, ಎರಡು ಸಲದ ಬಿ.ಪಿ., ಸೊಂಟದ ಅಳತೆ ಆದ ಮೇಲೆ ಇನ್ನೆರಡು ಕಾಲಂ ಬಿಡಿ: ಮಾತ್ರೆ ಶುರುವಾದ ತಾರೀಕು, ಮುಂದಿನ ಮಾತ್ರೆಗೆ ಬರಬೇಕಾದ ತಾರೀಕು. ಆ ತಾರೀಕು ದಾಟಿದವರ ಮನೆಗೆ ಯಾರು ಹೋಗುತ್ತೀರಿ ಅನ್ನೋದನ್ನು ಮೊದಲ ಸಭೆಯಲ್ಲೇ ಹಂಚಿಕೊಳ್ಳಿ. ಮೊದಲ ಬುಧವಾರ ಸ್ಟ್ಯಾಂಡಿಗೆ ನಾನೂ ಬರುತ್ತೇನೆ, ಮಾತ್ರೆಯ ಡಬ್ಬಿ ಜೊತೆಗೆ ತರಲು ವೈದ್ಯಾಧಿಕಾರಿಗಳನ್ನು ಕೇಳಿದ್ದೇನೆ.